ಮನೆಯಲ್ಲಿ ಯಾರೂ ಕರೆಯದ ಹೆಸರು

ಹುಡುಗ ನನಗೆ ಬೆನ್ನು ಮಾಡಿ ಕೂತು ಆಟಿಕೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ಬೆರಳಿನಿಂದ ತಿರುಗಿಸುತ್ತಿದ್ದ. ನಾನು ಹಿಂದಿನಿಂದ ಅವನ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಸ್ವಲ್ಪ ತಡೆದು ಮತ್ತೆ ಕರೆದೆ, ಈ ಸಲ ಇನ್ನಷ್ಟು ಗಟ್ಟಿಯಾಗಿ. ಗಾಲಿ ತಿರುಗುತ್ತಲೇ ಇತ್ತು. ಅವನ ತಂದೆಗೆ ಕರೆಯಲು ಹೇಳಿದೆ. ಅಂಗಡಿಯಲ್ಲಿ ಹಮಾಲರನ್ನು ಕೂಗಿ ಪಳಗಿದ ದನಿಯಲ್ಲಿ ಆತ ಕರೆದದ್ದಕ್ಕೆ ನಮ್ಮ ಕೋಣೆಯ ಕೆಳಗಿನ ಗೊಬ್ಬರದ ಅಂಗಡಿಯವನು ತಲೆಯೆತ್ತಿ ನೋಡಿದ. ಹುಡುಗ ನೋಡಲಿಲ್ಲ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಪಾಸಣೆಗೆ ಬಂದ ಮಗುವಿನ ಹೆಸರನ್ನು ಬಾಗಿಲಾಚೆ ಒಯ್ಯಬಾರದು ಎನ್ನುವುದು ನಮ್ಮ ಕಸುಬಿನ ನಿಯಮ. ಹಳೆಯ ಕಾಲದ, ರುಮಾಲು ಸುತ್ತಿದ ಹಿರಿಯರಿಗೆ ಒಪ್ಪುವಂಥ ಉದ್ದನೆಯ ಹೆಸರು ಎಂದು ತಿಳಿದುಕೊಂಡರೆ ಸಾಕು.

ಕೊನೆಗೆ ತಾಯಿಯ ಸರದಿ. "ನೀವು ಕರೀರಿ, ಮುಟ್ಟಬ್ಯಾಡ್ರಿ, ಬರೇ ಹೆಸರು ಕರೀರಿ" ಅಂದೆ. ಆಕೆ ಬಾಯಿ ತೆರೆದಳು, ಮುಚ್ಚಿದಳು, ನೆಲ ನೋಡಿದಳು. ಇನ್ನೊಮ್ಮೆ ಹೇಳಿದೆ. ಕೈ ಚಾಚಿ ಮಗನ ಹೆಗಲು ಮುಟ್ಟಲು ಹೋದಳು. ನಾನು ತಡೆದೆ. ಆಕೆ ಸೆರಗು ಸರಿ ಮಾಡಿಕೊಂಡು ಸುಮ್ಮನೆ ಕೂತುಬಿಟ್ಟಳು. ನನಗೆ ಸಿಟ್ಟು ಬಂತು. ಮಗನನ್ನು ಬಿಟ್ಟಿರಲಾರೆ ಎಂದು ಬೆಳಗ್ಗೆಯಿಂದ ಕಣ್ಣು ಒದ್ದೆ ಮಾಡಿಕೊಂಡಿದ್ದ ಹೆಂಗಸು ಒಂದು ಸಲ ಅವನ ಹೆಸರು ಕರೆಯಲು ಏನು ಧಾಡಿ?

ನಾನು ಮಾತು ಮತ್ತು ಕಿವಿಯ ತೊಂದರೆ ನೋಡುವವಳು. ಕಲಬುರಗಿ ಕಡೆಯವಳಾದ್ದರಿಂದ ಕನ್ನಡ, ಮರಾಠಿ ಎರಡೂ ಬರುತ್ತವೆ ಎಂದು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದ ಈ ಕೇಂದ್ರಕ್ಕೆ ಹಾಕಿದ್ದರು. ವಾರದಲ್ಲಿ ಒಂದು ದಿನ ನಿಲಂಗಾ, ಶನಿವಾರ ಉದಗೀರ, ಉಳಿದ ದಿನ ಗೊಬ್ಬರದ ಅಂಗಡಿಯ ಮೇಲಿನ ಈ ಕೋಣೆ. ಆ ವಾರ ತೀರ್ಮಾನವಾಗಬೇಕಾಗಿದ್ದದ್ದು ಒಂದೇ ವಿಷಯ. ಮೂರು ದಾಟಿದ ಈ ಹುಡುಗ ಮನೆಯಲ್ಲಿ ತಾಯಿಯ ಹತ್ತಿರ ಉಳಿಯುತ್ತಾನೋ, ನಿಲಂಗಾದ ವಸತಿ ಶಾಲೆಗೆ ಹೋಗುತ್ತಾನೋ.

ವಸತಿ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ತಂದೆ ಆಗಲೇ ಮಾತಾಡಿ ಬಂದಿದ್ದ. ನಮ್ಮ ಸಂಸ್ಥೆಯದು ಇನ್ನೊಂದು ದಾರಿ. ಮಗುವನ್ನು ಮನೆಯಲ್ಲೇ ಇಟ್ಟು, ದಿನನಿತ್ಯದ ಕೆಲಸದ ನಡುವೆಯೇ ಹೇಗೆ ಕಲಿಸಬೇಕೆಂದು ತಾಯಿಗೆ ತರಬೇತಿ ಕೊಡುತ್ತೇವೆ. ಅದರಲ್ಲಿಯೂ ಜಾಗ ಕಡಿಮೆ. ಯಾರನ್ನು ತೆಗೆದುಕೊಳ್ಳಬೇಕು ಎಂದು ಹೇಳುವವರು ಶನಿವಾರ ಉದಗೀರಕ್ಕೆ ಬರುವ ಮಕ್ಕಳ ಮನೋವೈದ್ಯರು. ಅವರ ಲೆಕ್ಕ ಸರಳ: ಮಗು ತಾಯಿಯ ಕಡೆ ಒಂದಿಷ್ಟಾದರೂ ಗಮನ ಕೊಡುತ್ತಿರಬೇಕು, ತಾಯಿಯೂ ಅದನ್ನು ಕರೆದು ಮಾತಾಡಿಸುವವಳಾಗಿರಬೇಕು, ಇಲ್ಲವಾದರೆ ತಾಯಿಗೆ ತರಬೇತಿ ಕೊಟ್ಟು ಉಪಯೋಗವಿಲ್ಲ. ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಿರಲಿಲ್ಲ. ಆದರೆ ಸಹಿ ಅವರದ್ದು.

ಹುಡುಗನಿಗೆ ಮೊದಲು ಕಿವುಡು ಎಂದಿದ್ದರು. ಎರಡನೆಯ ವರ್ಷ ಬಂದಿದ್ದ ಒಂದೆರಡು ಮಾತು ಹೋಗಿಬಿಟ್ಟಿದ್ದವು. ಯಾವುದೋ ಶಿಬಿರದಲ್ಲಿ ಬೆನ್ನ ಹಿಂದೆ ಗಂಟೆ ಬಾರಿಸಿ ನೋಡಿ ಕಿವಿಯ ಮೇಲೆ ಅನುಮಾನ ಎಂದು ಬರೆದುಕೊಟ್ಟಿದ್ದರು. ನಾನು ಲಾತೂರಿಗೆ ಕಳಿಸಿ, ನಿದ್ದೆ ಮಾಡಿಸಿ ತಲೆಗೆ ತಂತಿ ಹಚ್ಚಿ ಮಾಡುವ ಪರೀಕ್ಷೆ ಮಾಡಿಸಿದೆ. ಕಿವಿ ಎರಡೂ ಚೆನ್ನಾಗಿದ್ದವು. ಅದನ್ನು ಕೇಳಿ ಹುಡುಗನ ಅಜ್ಜಿಗೆ ಏನೂ ಆಶ್ಚರ್ಯವಾಗಲಿಲ್ಲವಂತೆ. ಅವರ ಮುತ್ಯಾನೂ, ಅಂದರೆ ಅಜ್ಜನೂ, ಹಾಗೇ ಇದ್ದರು, ಕೇಳಿಸುತ್ತಿತ್ತು, ಕೇಳುತ್ತಿರಲಿಲ್ಲ ಅಷ್ಟೇ ಎಂದಳಂತೆ.

ಕಿವಿ ಚೆನ್ನಾಗಿದ್ದೂ ಮಗು ತಿರುಗದಿದ್ದರೆ ನಾವು ಬೇರೆ ಕಡೆ ನೋಡಬೇಕಾಗುತ್ತದೆ. ಆಟಿಸಂನಲ್ಲಿ ಮಗು ಮಾತಾಡುತ್ತದೆಯೋ ಇಲ್ಲವೋ ಎನ್ನುವುದಕ್ಕಿಂತ, ತನಗೆ ಬೇಕಾದದ್ದನ್ನು, ತನಗೆ ಕಂಡದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ನೋಡುತ್ತದೆಯೋ ಎನ್ನುವುದು ಮುಖ್ಯ. ಅದಕ್ಕೆ ನನ್ನ ಚೀಲದಲ್ಲಿ ಸಾಬೂನಿನ ಗುಳ್ಳೆ ಊದುವ ಬಾಟಲಿ, ಬಲೂನು, ಚಾವಿ ಕೊಟ್ಟರೆ ಜಿಗಿಯುವ ಕಪ್ಪೆ, ನೀಲಿ ಕಣ್ಣಿನ ಒಂದು ಗೊಂಬೆ ಇರುತ್ತವೆ. ಗೊಂಬೆಯ ಜೊತೆ ಬಂದ ಪ್ಲಾಸ್ಟಿಕ್ ಕೇಕನ್ನು ನಾನು ಎಂದೋ ಒಗೆದಿದ್ದೇನೆ. ನಮ್ಮ ಗೊಂಬೆ ರೊಟ್ಟಿ ಉಣ್ಣುತ್ತದೆ.

ಗುಳ್ಳೆ ಊದಿದೆ. ಹುಡುಗ ಎದ್ದುನಿಂತು ಕೈ ಬಡಿದ. ಬಾಟಲಿಯ ಮುಚ್ಚಳ ಬಿಗಿದು ಅವನ ಕೈಗೆ ಕೊಟ್ಟು ಕಾದೆ. ಸಾಮಾನ್ಯವಾಗಿ ಮಕ್ಕಳು ಬಾಟಲಿ ನೋಡಿ, ನಮ್ಮ ಮುಖ ನೋಡಿ, ಮತ್ತೆ ಬಾಟಲಿ ನೋಡುತ್ತವೆ. ಊದು ಎಂದು ಬಾಯಲ್ಲಿ ಹೇಳದಿದ್ದರೂ ಕಣ್ಣಲ್ಲಿ ಹೇಳುತ್ತವೆ. ಆ ಒಂದು ನೋಟ ನಮಗೆ ಬಂಗಾರ. ಈ ಹುಡುಗ ನನ್ನ ಮಣಿಕಟ್ಟು ಹಿಡಿದು, ಸವಟು ಹಿಡಿದ ಹಾಗೆ, ಬಾಟಲಿಯ ಮೇಲೆ ಒತ್ತಿದ. ಮುಖದ ಕಡೆ ನೋಡಲೇ ಇಲ್ಲ. ಬಲೂನು ಮೇಲೆ ಛಾವಣಿಗೆ ಹೋಗಿ ಅಂಟಿತು. ನಾನು ಬೆರಳು ತೋರಿಸಿ ಅಬ್ಬಾ ಎಂದೆ. ಅವನು ನನ್ನ ಬೆರಳಿನ ತುದಿಯನ್ನೇ ನೋಡಿದ. ಕಪ್ಪೆ ನಿಂತಾಗ ಅದನ್ನು ಎತ್ತಿ ನೆಲಕ್ಕೆ ಕುಟ್ಟಿದ. ನಂತರ ಟ್ರ್ಯಾಕ್ಟರು, ಅದರ ಗಾಲಿ, ಮತ್ತೆ ಕರೆಯುವ ಪರೀಕ್ಷೆ.

ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ತೆಗೆದು ವೈದ್ಯರಿಗೆ ಕಳಿಸಿದ್ದೆ. ಸಂಜೆ ಅವರ ಫೋನು ಬಂತು. ಆಟಿಸಂ ಇರುವುದು ಸ್ಪಷ್ಟ, ಆದರೆ ತನಗೆ ಹೆಚ್ಚು ಚಿಂತೆಯಾಗಿದ್ದು ತಾಯಿಯದು ಎಂದರು. ಆಕೆ ಮಗನನ್ನು ಕರೆಯುವುದೇ ಇಲ್ಲವಲ್ಲ, ಕರೆಯದ ತಾಯಿಗೆ ಏನು ಕಲಿಸುತ್ತೀರಿ, ನಿಲಂಗಾದ ಜಾಗ ಹೋಗುವ ಮೊದಲು ಬರೆದುಕೊಟ್ಟುಬಿಡೋಣ ಎಂದರು.

ಆದರೆ ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಗಂಡ ಮುಂದೆ ಹೋಗುವ ತನಕ ತಡೆದು ಆಕೆ ಒಂದು ಮಾತು ಹೇಳಿದ್ದಳು. ಈ ಸೀಮೆಯಲ್ಲಿ ನಾಲ್ಕಕ್ಷರ ಓದಿದ ಹೆಂಗಸರೆಲ್ಲ ಬಾಯಿ.

"ಬಾಯಿ, ಅಂವಾ ನನ್ನ ಗುರ್ತ ಹಿಡೀತಾನ್ರಿ. ನಿಮ್ಮ ಮುಂದ ಹಿಡೀಲಿಲ್ಲ, ಅಷ್ಟ."

ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ. ಆದರೂ ಆ ಮಾತು ಹಲ್ಲಿನ ಸಂದಿಯ ಜೋಳದ ಸಿಪ್ಪೆಯಂತೆ ಕಾಡಿತು. ಹೀಗೆ ಹೇಳಬಲ್ಲವಳು ಯಾಕೆ ಕರೆಯಲಿಲ್ಲ? ಮರುದಿನ ಕೇಂದ್ರದ ಬಾಗಿಲಿಗೆ ಬೀಗ ಹಾಕಿ, ಯಾರಿಗೂ ಹೇಳದೆ, ಚೀಲವನ್ನೂ ಒಯ್ಯದೆ ಸಾಸ್ತೂರಿನ ಜೀಪು ಹತ್ತಿದೆ.

ತೊಂಬತ್ತಮೂರರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಊರು. ಗೆರೆ ಎಳೆದಂತೆ ಓಣಿಗಳು, ಒಂದರಂತೆ ಇನ್ನೊಂದು ಮನೆ. ತಂದೆಯ ಕಾಳಿನ ಅಂಗಡಿ ಲೋಹಾರಾದಲ್ಲಿ, ಬೆಳಗ್ಗೆಯೇ ಹೋಗಿದ್ದ. ಅಜ್ಜಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಊರು ಯಾವುದು, ಯಾರ ಮನೆತನ ಎಂದು ಕೆದಕಿ ಕೆದಕಿ ಆಳಂದದ ಕಡೆಯ ಯಾವುದೋ ಸಂಬಂಧ ಹುಡುಕಿ ತೆಗೆದ ಮೇಲೆಯೇ ಚಹಾಕ್ಕೆ ಹೇಳಿದ್ದು. ಹುಡುಗ ಅಂಗಳದಲ್ಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದ. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ.

ಅಜ್ಜಿ ಮೊರದಿಂದ ತಲೆ ಎತ್ತದೆಯೇ, ಮಾಲಕರೇ ಬಿಸಿಲಲ್ಲಿ ಕೂಡಬೇಡಿರಿ ಎಂದಳು. ನಾನು ಆ ಕಡೆ ಈ ಕಡೆ ನೋಡಿದೆ. ಮಾಲಕ ಎಂದರೆ ಈ ಕಡೆ ಗಂಡ. ಆಕೆಯ ಗಂಡ ಭೂಕಂಪದಲ್ಲೇ ತೀರಿಕೊಂಡರೆಂದು ನಮ್ಮ ಕಾಗದದಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಸೊಸೆ ಹಾಲಿನ ಲೋಟ ಹಿಡಿದು ಬಂದು, "ಮಾವಾರ, ಹಾಲ ಕುಡೀರಿ" ಎಂದಳು. ಆಗ ಕಂಡೆ. ಇಬ್ಬರೂ ಮಾತಾಡುತ್ತಿದ್ದದ್ದು ಅಂಗಳದ ಹುಡುಗನ ಜೊತೆ.

ಮಗುವನ್ನು ಯಾಕೆ ಹೀಗೆ ಕರೆಯುತ್ತೀರಿ ಎಂದು ಕೇಳಿದೆ. ಇಷ್ಟೂ ತಿಳಿಯದ ಇವಳೆಂಥ ಡಾಕ್ಟರು ಎನ್ನುವಂತೆ ಅಜ್ಜಿ ನನ್ನನ್ನು ನೋಡಿದಳು. ಹುಡುಗನಿಗೆ ಇಟ್ಟದ್ದು ತೀರಿಹೋದ ಮುತ್ಯಾನ ಹೆಸರು. ಗಂಡನ ಹೆಸರನ್ನು ಆಕೆ ಬಾಯಿಂದ ತೆಗೆಯುವುದು ಹೇಗೆ? ಮಾವನ ಹೆಸರನ್ನು ಸೊಸೆ ತೆಗೆಯುವುದು ಹೇಗೆ? ಅದಕ್ಕೇ ಆಕೆಗೆ ಅವನು ಮಾಲಕ, ಸೊಸೆಗೆ ಮಾವಾರು, ಮಗನಿಗೆ ಅಪ್ಪಾ. ಓಣಿಯ ಹುಡುಗರು ಮರಾಠಿಯಲ್ಲಿ ಬಾಳ್ಯಾ ಎನ್ನುತ್ತಾರೆ.

"ಮತ್ತ ಹೆಸರ ಹಿಡದ ಯಾರ ಕರೀತೀರಿ?" ಅಂದೆ.

"ಯಾಕ ಕರೀಬೇಕ್ರಿ ಬಾಯಿ? ಕಾಗದದಾಗ ಬರ್ದದಲ್ಲಾ, ಸಾಕ."

ನನಗೆ ನಗುವೂ ಬಂತು, ಉರಿಯೂ ಬಂತು. ನನ್ನ ತಾಯಿಯೂ ಅಪ್ಪನ ಹೆಸರು ಹೇಳಬೇಕಾದಾಗ ನಮ್ಮನ್ನು ಮುಂದೆ ತಳ್ಳುತ್ತಿದ್ದಳು, ಹಾಗಾಗಿ ಇದು ನನಗೆ ಹೊಸದಲ್ಲ. ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ತಂದೆಯನ್ನು ಕೇಳಿಯೇ ಪರೀಕ್ಷೆ ಶುರು ಮಾಡಿದ್ದೆ. ಆತ ಕಚೇರಿಯಲ್ಲಿ ಕೇಳಿದರೆ ಹೇಳುವಂತೆ ಜನನ ಪತ್ರದ ಹೆಸರನ್ನು ಪೂರ್ತಿಯಾಗಿ, ಮರ್ಯಾದೆಯಾಗಿ ಹೇಳಿದ್ದ. ನಾನು ಒಂದಿಡೀ ಬೆಳಗು ಆ ಹುಡುಗನನ್ನು ಅವನಿಗೆ ಗೊತ್ತೇ ಇಲ್ಲದ ಹೆಸರಿನಿಂದ ಕರೆದಿದ್ದೆ. ಆ ಹೆಸರನ್ನು ಹೇಳಲು ಬಾರದ ಹೆಂಗಸನ್ನು ಹೇಳು ಹೇಳು ಎಂದು ಗಂಡನ ಮುಂದೆ ಪೀಡಿಸಿದ್ದೆ.

ಹಾಗೆಂದು ಹಿಗ್ಗುವಂತಿರಲಿಲ್ಲ. ತಕ್ಷಣ ಅಜ್ಜಿಗೆ ಬೆನ್ನ ಹಿಂದಿನಿಂದ ಮಾಲಕ್ರ ಎಂದು ಕರೆಯಲು ಹೇಳಿದೆ. ಹುಡುಗ ತಿರುಗಲಿಲ್ಲ. ತಾಯಿ ಮಾವಾರ ಎಂದಳು. ಮುಚ್ಚಳ ತಿರುಗುತ್ತಲೇ ಇತ್ತು. ಹೆಸರಿನ ಗೋಜಲು ಬಿಡಿಸಿದ ಕೂಡಲೇ ಆಟಿಸಂ ಮಾಯವಾಗುವುದಿಲ್ಲ. ಆದರೆ ಮೊದಲೇ ಮಾತುಗಳ ಗದ್ದಲದಲ್ಲಿ ತನ್ನದನ್ನು ಹೆಕ್ಕಿಕೊಳ್ಳಲು ಕಷ್ಟಪಡುವ ಮಗುವಿಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಈ ಪರೀಕ್ಷೆಯಿಂದ ತಾಯಿಯ ಬಗ್ಗೆಯಾಗಲಿ ಮಗನ ಬಗ್ಗೆಯಾಗಲಿ ಏನನ್ನೂ ಹೇಳುವಂತಿರಲಿಲ್ಲ.

ಊಟದ ಹೊತ್ತಾಯಿತೆಂದು ತಾಯಿ ಒಲೆಯ ಮುಂದೆ ಕೂತು ಪರಾತದ ಅಗಲ ತಟ್ಟೆಯಲ್ಲಿ ರೊಟ್ಟಿ ಬಡಿಯತೊಡಗಿದಳು. ಮೊದಲ ಸಪ್ಪಳಕ್ಕೇ ಹುಡುಗ ಮುಚ್ಚಳ ಬಿಟ್ಟು ಎದ್ದ. ನೇರ ಬಂದು ಆಕೆಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಪಟ ಪಟ ಎಂದು ಕೈ ಬೀಳುತ್ತಿತ್ತು, ರೊಟ್ಟಿ ದುಂಡಗೆ ತಿರುಗುತ್ತಿತ್ತು. ಆಕೆ ನನಗೇನೋ ಹೇಳಲು ಕೈ ನಿಲ್ಲಿಸಿದಳು. ಹುಡುಗ ರೊಟ್ಟಿ ನೋಡಿದ, ಆಕೆಯ ಕೈ ನೋಡಿದ, ಆಮೇಲೆ ತಲೆ ಎತ್ತಿ ಆಕೆಯ ಮುಖ ನೋಡಿದ. ಆಕೆ ಮತ್ತೆ ಬಡಿದಳು. ಅವನ ಕಣ್ಣು ರೊಟ್ಟಿಗಿಳಿಯಿತು.

ನಾನು ಎದ್ದು ನಿಂತುಬಿಟ್ಟಿದ್ದೆ. ಇನ್ನೊಮ್ಮೆ ನಿಲ್ಲಿಸಿರಿ, ಏನೂ ಮಾತಾಡಬೇಡಿರಿ ಎಂದೆ. ಆಕೆ ನಿಲ್ಲಿಸಿದಳು. ಅವನು ಮತ್ತೆ ಮುಖ ನೋಡಿದ. ನಾನು ಗುಳ್ಳೆ ಊದಿ ಊದಿ ಬಾಯಿ ನೋಯಿಸಿಕೊಂಡರೂ ಸಿಗದ ನೋಟ ಅದು. ಸಂತೋಷಕ್ಕೆ ಅವಸರದಲ್ಲಿ ಫೋನು ತೆಗೆದು ಎದುರಿಗೆ ಹಿಡಿದೆ. ಹುಡುಗ ಫೋನಿನ ಹೊಳಪು ನೋಡಿದ, ಎದ್ದ, ಅಂಗಳಕ್ಕೆ ಹೋಗಿ ಮುಚ್ಚಳ ಹಿಡಿದ. ಆಮೇಲೆ ಎಷ್ಟು ರೊಟ್ಟಿ ಬಡಿದರೂ ಬರಲಿಲ್ಲ. ವಿಡಿಯೊದಲ್ಲಿ ಉಳಿದದ್ದು ಒಲೆ ಮತ್ತು ಅವನ ಬೆನ್ನು.

ವೈದ್ಯರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ತೋರಿಸಲಾಗದ್ದನ್ನು ಬರೆಯಲಾಗುವುದಿಲ್ಲ, ಶನಿವಾರ ಕರೆದು ತನ್ನಿ, ನನ್ನ ಕಣ್ಣಿಗೆ ಬಿದ್ದರೆ ನೋಡೋಣ ಎಂದರು. ನಿಲಂಗಾದವರು ಜಾಗ ಹಿಡಿದಿಟ್ಟಿದ್ದದ್ದೂ ಶನಿವಾರ ಸಂಜೆಯ ತನಕ.

ತಂದೆಗೆ ಹೇಳಲು ಲೋಹಾರಾದ ಅಂಗಡಿಗೆ ಹೋದೆ. ಸೋಯಾ ಚೀಲಗಳ ನಡುವೆ ನಿಂತೇ ಮಾತಾಡಿದ, ಕೂಡು ಎನ್ನಲಿಲ್ಲ. ಮೊದಲು ಕಿವುಡೆಂದಿರಿ, ಆಮೇಲೆ ಅಲ್ಲವೆಂದಿರಿ, ಈಗ ನಿಲಂಗಾ ಎಂದು ಮನಸ್ಸು ಗಟ್ಟಿ ಮಾಡಿಕೊಂಡರೆ ಮನೆಗೆ ಬಂದು ಹೆಂಗಸರಿಗೆ ಆಸೆ ಹಚ್ಚುತ್ತೀರಿ ಎಂದ. ಸುಳ್ಳೇನಿರಲಿಲ್ಲ. ಕೊನೆಗೆ ದನಿ ತಗ್ಗಿಸಿದ.

"ನನ್ನ ಹಿಂದ ಇಂವನ್ನ ಯಾರ ನೋಡ್ತಾರ, ಬಾಯಿ? ಅಲ್ಲಿ ಉಣ್ಣೂದು ಉಡೂದರ ಕಲೀತಾನ."

ಆತನನ್ನು ಕಲ್ಲು ಮನಸ್ಸಿನವನು ಎಂದುಕೊಂಡಿದ್ದೆ. ಶನಿವಾರ ಬರುತ್ತೇನೆ, ಆದರೆ ಹುಡುಗನ ಟ್ರಂಕು ಜೀಪಿನಲ್ಲೇ ಇರುತ್ತದೆ, ವೈದ್ಯರು ಇಲ್ಲ ಅಂದರೆ ಉದಗೀರದಿಂದ ಹಾಗೇ ನಿಲಂಗಾಕ್ಕೆ ಎಂದು ಹೇಳಿದ.

ನಡುವೆ ನನ್ನ ನಿಲಂಗಾದ ದಿನ ಬಂತು. ಕೆಲಸ ಮುಗಿಸಿ ಆ ಶಾಲೆ ನೋಡಿಬಂದೆ. ಹೊಲಸಿರಲಿ, ನಾಲ್ಕು ಮಂದಿ ಗದರುತ್ತಿರಲಿ, ನಾನು ಜಗಳಕ್ಕೆ ನಿಲ್ಲುವಂತಿರಲಿ ಎಂದು ಒಳಗೊಳಗೇ ಬಯಸಿದ್ದೆ. ಶಾಲೆ ಹಸನಾಗಿತ್ತು. ಮುಖ್ಯಸ್ಥೆ ಒಳ್ಳೆಯ ಹೆಂಗಸು. ಮಕ್ಕಳ ಉಗುರು ಕತ್ತರಿಸಿದ್ದರು. ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ ಎಂದೆ. ಇಲ್ಲ, ಮಕ್ಕಳು ಮರಾಠಿಗೆ ಹೊಂದಿಕೊಳ್ಳುತ್ತಾರೆ ಎಂದರು. ತಾಯಿಯ ಮುಖವನ್ನು ಈಗಷ್ಟೇ ನೋಡಲು ಕಲಿತ ಮಗು ಇಲ್ಲಿ ಯಾರ ಮುಖ ನೋಡಬೇಕು? ಬಸ್ಸಿನಲ್ಲಿ ಕೂತು ಮುಂದಿನ ಎರಡು ದಿನ ಹೇಗೆ ಕಳೆಯುತ್ತೇನೋ ಎಂದುಕೊಂಡೆ.

ಅಲ್ಲೇ ತೀರ್ಮಾನ ಮಾಡಿದೆ. ಉದಗೀರಕ್ಕೆ ಗುಳ್ಳೆಯ ಬಾಟಲಿ, ಕಪ್ಪೆ, ಗೊಂಬೆ ಯಾವುದೂ ಬೇಡ. ಹೆಸರು ಕರೆಯುವುದೂ ಬೇಡ. ಪರಾತ ಮತ್ತು ಜೋಳದ ಹಿಟ್ಟು ಒಯ್ಯುತ್ತೇನೆ. ವೈದ್ಯರಿಗೆ ಮೊದಲೇ ತಿಳಿಸಿದೆ. ಅವರು ನಕ್ಕರು, ಆದರೆ ಬೇಡ ಎನ್ನಲಿಲ್ಲ.

ಶನಿವಾರ ಜೀಪು ತಡವಾಗಿ ಬಂತು. ವೈದ್ಯರ ಶಿಬಿರ ಎಂದರೆ ಉದಗೀರದ ಒಂದು ಹಳೆಯ ಕಟ್ಟಡದ ಎರಡು ಕೋಣೆ, ಹೊರಗೆ ಚಪ್ಪಲಿ ಇಡಲೂ ಜಾಗವಿಲ್ಲದಷ್ಟು ಜನ. ಗದ್ದಲಕ್ಕೆ ಹುಡುಗ ತನ್ನ ಮುಂಗೈ ಕಚ್ಚಿಕೊಂಡು ಚೀರಿದ. ಒಳಗೆ ತಂದರೆ ನೆತ್ತಿಯ ಮೇಲೆ ಫ್ಯಾನು. ತಿರುಗುವುದೆಂದರೆ ಅವನಿಗೆ ಪ್ರಾಣ. ತಲೆ ಹಿಂದಕ್ಕೆ ಚೆಲ್ಲಿ ನಿಂತುಬಿಟ್ಟ. ನಾನು ಫ್ಯಾನು ಆರಿಸಿದೆ. ಬಿಸಿಲಿಗೆ ಕೋಣೆ ಕಾದ ಹೆಂಚಾಯಿತು. ವೈದ್ಯರು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅಜ್ಜಿ ಬಾಗಿಲ ಹತ್ತಿರ, ತಂದೆ ಹೊಸ್ತಿಲಾಚೆ. ತಾಯಿ ನೆಲಕ್ಕೆ ಕೂತು ಹಿಟ್ಟು ಸುರಿದುಕೊಂಡು, ನನ್ನ ಬಾಟಲಿಯ ನೀರು ಹಾಕಿ ನಾದಿದಳು.

ಹಿಟ್ಟು ಬಿರಿಯತೊಡಗಿತು. ಬಡಿದರೆ ಅಂಚು ಒಡೆದು ಬಿಟ್ಟುಕೊಳ್ಳುತ್ತಿತ್ತು. ಆಕೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು: "ಬಿಸಿನೀರ ಬೇಕ್ರಿ." ನಾನೂ ಜೋಳದ ರೊಟ್ಟಿ ತಿಂದೇ ಬೆಳೆದವಳು, ಹಿಟ್ಟಿಗೆ ಬಿಸಿನೀರಿನ ಎಸರು ಬೇಕೆಂದು ತಲೆಗೆ ಹೊಳೆದಿರಲಿಲ್ಲ. ವೈದ್ಯರು ಗಡಿಯಾರ ನೋಡಿದರು. ಹೊರಗಿನ ಸಾಲು ಗೊಣಗುತ್ತಿತ್ತು. ಯಾರನ್ನು ಕಳಿಸಲಿ ಎಂದು ತಿರುಗುವಷ್ಟರಲ್ಲಿ ಹೊಸ್ತಿಲಲ್ಲಿ ತಂದೆ ಇರಲಿಲ್ಲ. ಒಂದು ಸಿಗರೇಟು ಸೇದಲು ಹೋಗಿರಬೇಕು ಎಂದು ಮನಸ್ಸಿನಲ್ಲೇ ಬೈದೆ. ಆತ ಚಹಾದ ಅಂಗಡಿಯ ಕಿಟಲಿ ಹಿಡಿದುಕೊಂಡು ಬಂದ. ಹಬೆಯಾಡುವ ನೀರು. ಹೆಂಡತಿಯ ಮುಂದೆ ಇಟ್ಟು ಹಿಂದೆ ಸರಿದ.

ಹಿಟ್ಟು ಹದಕ್ಕೆ ಬಂತು. ಕೈ ಬೀಳತೊಡಗಿತು. ಹುಡುಗ ನಿಂತ ಫ್ಯಾನನ್ನೇ ನೋಡುತ್ತಿದ್ದ. ಸಪ್ಪಳ ಕೋಣೆ ತುಂಬಿತು. ಅವನು ಕತ್ತು ಇಳಿಸಿದ, ತಿರುಗಿದ, ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ನಾನು ಕಣ್ಸನ್ನೆ ಮಾಡಿದೆ. ಆಕೆ ಕೈ ನಿಲ್ಲಿಸಿದಳು.

ಕಾಯುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ನಾಲಗೆಯ ಮೇಲೆ ಬಂದ ಮಾತನ್ನು ನುಂಗಬೇಕು, ಕೆಮ್ಮಬಾರದು. ಹುಡುಗ ರೊಟ್ಟಿ ನೋಡಿದ. ಕೈ ನೋಡಿದ. ತಾಯಿಯ ಮಣಿಕಟ್ಟು ಹಿಡಿದು ರೊಟ್ಟಿಯ ಮೇಲೆ ಒತ್ತಿದ. ಮುಖ ಎತ್ತಲಿಲ್ಲ. ನನ್ನ ಕೈಯನ್ನು ಬಾಟಲಿಯ ಮೇಲೆ ಒತ್ತಿದ್ದನಲ್ಲ, ಅದೇ. ವೈದ್ಯರ ಪೆನ್ನು ಓಡಿತು. ಆಕೆ ಬಡಿದಳು, ಮತ್ತೆ ನಿಲ್ಲಿಸಿದಳು. ಮತ್ತೆ ಮಣಿಕಟ್ಟು. ಆಕೆ ಹತಾಶಳಾಗಿ ನನ್ನ ಕಡೆ ನೋಡಿದಳು. ನನಗೆ ಅಳು ಬರುವುದೊಂದು ಬಾಕಿ. ಆದರೂ ಬಡಿಯಿರಿ ಎಂದು ಸನ್ನೆ ಮಾಡಿದೆ.

ಆಕೆ ಬಡಿದಳು. ರೊಟ್ಟಿ ತೆಳ್ಳಗಾಗಿ ಪರಾತದ ಅಂಚಿಗೆ ಬಂದಿತ್ತು. ನಿಲ್ಲಿಸಿದಳು. ಹುಡುಗ ಕಾದ. ಕೈ ಹಿಡಿಯಲಿಲ್ಲ. ತಲೆ ಎತ್ತಿ ತಾಯಿಯ ಕಣ್ಣಿಗೆ ಕಣ್ಣಿಟ್ಟು ನೋಡಿದ. ಸುಮ್ಮನಿರಬೇಕೆಂದು ಹೇಳಿದ್ದೆ, ಆಕೆಗೆ ನಗು ತಡೆಯಲಾಗಲಿಲ್ಲ. ಅವನು ರೊಟ್ಟಿ ನೋಡಿ ಮತ್ತೆ ಆ ನಗುವ ಮುಖ ನೋಡಿದ.

"ಇನ್ನೊಮ್ಮೆ" ಎಂದರು ವೈದ್ಯರು. ಕುರ್ಚಿಯ ತುದಿಗೆ ಬಂದಿದ್ದರು.

ಇನ್ನೊಮ್ಮೆಯೂ ನೋಡಿದ. ಅದರ ಮುಂದಿನ ಸಲವೂ. ವೈದ್ಯರು ಪೆನ್ನು ಕೆಳಗಿಟ್ಟು ಬೆವರು ಒರೆಸಿಕೊಂಡರು. ತಂದೆಯನ್ನು ಒಳಗೆ ಕರೆದು ನೇರವಾಗಿ ಹೇಳಿದರು. ಆಟಿಸಂ ಇದೆ, ಅದರಲ್ಲಿ ಸಂಶಯವಿಲ್ಲ. ವರ್ಷಗಟ್ಟಲೆ ದುಡಿಯಬೇಕು. ಎಲ್ಲ ಮಾತು ಬಂದೇ ಬರುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ಈ ಹುಡುಗನಿಗೆ ತಾಯಿ ಗೊತ್ತು, ತಾಯಿಯಿಂದಲೇ ಶುರು ಮಾಡೋಣ. ತಂದೆ ಹೆಂಡತಿಯ ಹಿಟ್ಟಿನ ಕೈ ನೋಡಿದ. ಆಮೇಲೆ ಹೊರಗೆ ಹೋಗಿ ನಿಲಂಗಾಕ್ಕೆ ಫೋನು ಮಾಡಿ ಬಂದ.

ಉಳಿದದ್ದು ಒಂದು ಕೆಲಸ. ಮನೆಯ ತರಬೇತಿಯ ಮೊದಲ ಪಾಠವೇ ಹೆಸರು. ಮನೆಯವರೆಲ್ಲ ಒಂದೇ ಹೆಸರಿನಿಂದ ಕರೆಯಬೇಕು, ಅವನಿಗೆ ಇಷ್ಟವಾದದ್ದನ್ನು ಕೊಡುವ ಮೊದಲು ಪ್ರತಿ ಸಲ ಅದೇ ಹೆಸರು ಹೇಳಬೇಕು. ಯಾವ ಹೆಸರು ಬರೆಯಲಿ ಎಂದು ಕೇಳಿದೆ. ಅಪ್ಪಾ ಎಂದೇ ಇಟ್ಟುಬಿಡೋಣ ಎಂದ ತಂದೆ. ಎಲ್ಲರಿಗೂ ಅನುಕೂಲವಾದೀತು ಎಂದು ನಾನೂ ತಲೆಯಾಡಿಸಿದೆ.

"ಕಾಗದದಾಗಿನ ಹೆಸರ ಬರೀರಿ" ಎಂದಳು ಬಾಗಿಲಲ್ಲಿ ಕೂತ ಅಜ್ಜಿ.

ಸೊಸೆ ಗಾಬರಿಯಾದಳು. "ಅತ್ತೀ, ಅದನ್ನ ನಾ ಹ್ಯಾಂಗ ಬಾಯಾಗ ತರ್ಲಿ?"

ಅಜ್ಜಿ ಸೊಸೆಯನ್ನು ನೋಡಲಿಲ್ಲ. ಪರಾತ ನೋಡುತ್ತ ಹೇಳಿದಳು.

"ಅವತ್ತ ರಾತ್ರಿ ಭೂಮಿ ನಡಗಿ ಮನಿ ಬಿದ್ದಾಗ ನಾ ಮಗನ್ನ ಎತಗೊಂಡ ಹೊರಗ ಬಂದಿದ್ದೆ. ಅವರು ಒಳಗ ಉಳದ್ರು. ಓಣಿ ತುಂಬ ಹೆಣ್ಣಮಕ್ಕಳು ರೀ, ರೀ ಅಂತ ಒದರಾಕತ್ತಿದ್ರು. ನಾನೂ ಹಂಗ ಒದರಿದೆ. ಮಣ್ಣಿನ ಬುಡಕ ಇದ್ದವರಿಗಿ ಯಾರ ಹೇಣ್ತಿ ಯಾರನ್ನ ಕರೀತಾಳಂತ ಹ್ಯಾಂಗ ತಿಳೀಬೇಕು? ಹೆಸರ ನಾಲಿಗಿ ಮ್ಯಾಲ ಬಂದಿತ್ತು. ತೆಗೀಲಿಲ್ಲ."

ತಂದೆ ಗೋಡೆಯ ಕಡೆ ತಿರುಗಿ ನಿಂತ. ಈ ಮಾತನ್ನು ಆತನೂ ಅಂದೇ ಮೊದಲ ಸಲ ಕೇಳಿದ್ದು ಎಂದು ಆಮೇಲೆ ತಿಳಿಯಿತು.

"ಕರಿ," ಎಂದಳು ಅಜ್ಜಿ ಸೊಸೆಗೆ. "ಬಾಯಿ ತುಂಬ ಕರಿ."

ತಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ತುಟಿ ಎರಡು ಸಲ ಅಲುಗಿತು. ಆಮೇಲೆ ಆ ಉದ್ದನೆಯ ಹೆಸರನ್ನು, ರೀ ಇಲ್ಲದೆ, ಪೂರ್ತಿಯಾಗಿ ಕರೆದಳು. ಹುಡುಗ ಪರಾತದಲ್ಲಿ ಉಳಿದ ಹಿಟ್ಟು ಒತ್ತುತ್ತಿದ್ದ, ತಿರುಗಲಿಲ್ಲ. ಆಕೆ ಇನ್ನೊಮ್ಮೆ ಕರೆದಳು. ಈ ಸಲ ಅದೇ ಹೆಸರನ್ನು ಬಾಗಿಲ ಹತ್ತಿರದಿಂದ ಅಜ್ಜಿಯೂ ಕೂಗಿದಳು.